ಬಝರ್‌ಬೀಟರ್‌ನಲ್ಲಿ ಹುಡುಗರನ್ನು ಬೆಳೆಸುವುದು: ಯಾವ ದಾರಿ ಯಾರಿಗೆ?

ಬಝರ್‌ಬೀಟರ್ ಒಂದು ಆನ್‌ಲೈನ್ ಬಾಸ್ಕೆಟ್‌ಬಾಲ್ ಆಟ, ಇಲ್ಲಿ ನೀವು ತಂಡದ ಮಾಲೀಕರಾಗಿ ಆಟಗಾರರನ್ನು ಕೊಂಡು, ಬೆಳೆಸಿ, ಆಡಿಸುತ್ತೀರಿ. ಅದನ್ನು ಆಡಲು ಶುರುಮಾಡಿದವರು ಮೊದಲ ವಾರವೇ ಕೇಳುವ ಪ್ರಶ್ನೆ, "ಯಾವ ಹುಡುಗನನ್ನು ಕೊಳ್ಳಲಿ?" ಅದಕ್ಕೆ ಉತ್ತರ ಹುಡುಕುವ ಮೊದಲು ಇನ್ನೊಂದು ಲೆಕ್ಕ ಮುಗಿಸಿಕೊಳ್ಳಬೇಕು. ನಿಮ್ಮ ತಂಡ ವಾರಕ್ಕೆ ಎಷ್ಟು ನಿಮಿಷಗಳನ್ನು ಹುಡುಗರಿಗಾಗಿ ಬಿಟ್ಟುಕೊಡಬಲ್ಲದು? ಈ ಆಟದಲ್ಲಿ ತರಬೇತಿಗೆ ಬೇಕಾದ ಬಂಡವಾಳ ಹಣಕ್ಕಿಂತ ಹೆಚ್ಚಾಗಿ ನಿಮಿಷ. ಹಣ ಕೊಟ್ಟು ಒಳ್ಳೆಯ ಹುಡುಗನನ್ನು ತರಬಹುದು, ಒಳ್ಳೆಯ ಟ್ರೈನರ್‌ನನ್ನೂ ತರಬಹುದು. ಆ ಹುಡುಗ ಅಂಗಳಕ್ಕೆ ಇಳಿಯದಿದ್ದರೆ ಶುಕ್ರವಾರದ ತರಬೇತಿ ಅಪ್‌ಡೇಟ್‌ನಲ್ಲಿ ಏನೂ ಬದಲಾಗಿರುವುದಿಲ್ಲ.

ನಿಯಮ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ವಾರಕ್ಕೆ ಒಂದೇ ಒಂದು ತರಬೇತಿ ಆರಿಸಬೇಕು. ಆ ತರಬೇತಿ ಒಂದು ಅಥವಾ ಹೆಚ್ಚು ಸ್ಥಾನಗಳಿಗೆ ಅಂಟಿಕೊಂಡಿರುತ್ತದೆ. ಆ ವಾರದ ಪಂದ್ಯಗಳಲ್ಲಿ ಆ ಸ್ಥಾನದಲ್ಲಿ ಆಡಿದವರಿಗೆ ಮಾತ್ರ ಅದರ ಲಾಭ, ಪೂರ್ತಿ ಲಾಭ ಬೇಕಾದರೆ 48 ನಿಮಿಷ ಆಡಬೇಕು. ಆಟಗಾರನ ಹೆಸರಿನ ಮುಂದೆ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದವನು) ಎಂದಿದೆಯೋ ಗಾರ್ಡ್ (ಹೊರಗಿನಿಂದ ಚೆಂಡು ನಡೆಸುವವನು) ಎಂದಿದೆಯೋ ಎಂಬುದಕ್ಕೆ ಬೆಲೆಯಿಲ್ಲ, ಪಂದ್ಯದಲ್ಲಿ ನೀವು ಎಲ್ಲಿ ನಿಲ್ಲಿಸಿದಿರಿ ಎಂಬುದಷ್ಟೇ ಲೆಕ್ಕ. ಸಾಮಾನ್ಯವಾಗಿ ವಾರಕ್ಕೆ ಮೂರು ಪಂದ್ಯ: ಎರಡು ಲೀಗ್ ಪಂದ್ಯ, ಜೊತೆಗೆ ಒಂದು ಕಪ್ ಪಂದ್ಯ ಅಥವಾ ಅಭ್ಯಾಸ ಪಂದ್ಯ. ಒಂದು ಪಂದ್ಯಕ್ಕೆ 48 ನಿಮಿಷ. ಅಂದರೆ ಒಂದು ಸ್ಥಾನಕ್ಕೆ ವಾರಕ್ಕೆ 144 ನಿಮಿಷ ಸಿಗುತ್ತದೆ, ಅದರಲ್ಲಿ ಮೂವರು ಹುಡುಗರ ತರಬೇತಿ ಮುಗಿಯುತ್ತದೆ.

ಇನ್ನು ಮುಂದಿನ ಆಯ್ಕೆಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ಒಂದು ಸ್ಥಾನವೋ, ಎರಡು ಸ್ಥಾನವೋ

ಪಾಯಿಂಟ್ ಗಾರ್ಡ್ ಒಬ್ಬನಿಗೇ ಪಾಸಿಂಗ್ ಕಲಿಸಿದರೆ ಹುಡುಗ ಬೇಗ ಏರುತ್ತಾನೆ. ಅದೇ ಪಾಸಿಂಗನ್ನು ಎರಡೂ ಗಾರ್ಡ್ ಸ್ಥಾನಗಳಿಗೆ ಹಂಚಿದರೆ ಪ್ರತಿಯೊಬ್ಬನ ವೇಗ ಕಡಿಮೆಯಾಗುತ್ತದೆ. ಆದರೆ ವೇಗ ಅರ್ಧಕ್ಕೆ ಇಳಿಯುವುದಿಲ್ಲ. ಹಾಗಾಗಿ ಆರು ಹುಡುಗರನ್ನು ಇಟ್ಟುಕೊಂಡು ಅವರೆಲ್ಲರಿಗೂ 48 ನಿಮಿಷ ಕೊಡಬಲ್ಲವನು ಒಟ್ಟು ಬೆಳವಣಿಗೆಯಲ್ಲಿ ಮುಂದಿರುತ್ತಾನೆ. ಕಾಗದದ ಮೇಲೆ ಎರಡು ಸ್ಥಾನದ ತರಬೇತಿಯೇ ಲಾಭ.

ತೊಂದರೆ ಇರುವುದು "ಕೊಡಬಲ್ಲವನು" ಎಂಬಲ್ಲಿ. ಆರು ಹುಡುಗರಿಗೆ ತಲಾ 48 ನಿಮಿಷ ಎಂದರೆ ಮೂರೂ ಪಂದ್ಯಗಳಲ್ಲಿ ಎರಡೂ ಗಾರ್ಡ್‌ಗಳು ಹುಡುಗರೇ ಆಗಿರಬೇಕು. ಎದುರಾಳಿ ಬಲವಾಗಿದ್ದ ದಿನ ನಿಮ್ಮ ಹಳೆಯ, ಒಳ್ಳೆಯ ಗಾರ್ಡ್ ಬೆಂಚಿನಲ್ಲಿ ಕೂತು ನೋಡುತ್ತಾನೆ. ಒಬ್ಬ ಹುಡುಗ ಮೂರನೇ ಕ್ವಾರ್ಟರ್‌ನಲ್ಲೇ ಆರನೇ ಫೌಲ್ ಮಾಡಿ ಹೊರಬಿದ್ದನೆಂದರೆ ಅವನ ವಾರ ಅರ್ಧ ಹಾಳು, ಅವನ ಜಾಗಕ್ಕೆ ಬಂದವನಿಗೆ ಸಿಕ್ಕ ಹತ್ತು ಹದಿನೈದು ನಿಮಿಷದಿಂದ ಅವನಿಗೂ ಹೇಳಿಕೊಳ್ಳುವ ಲಾಭವಿಲ್ಲ. ಮೂವರಿಗೆ 144, ಆರು ಜನಕ್ಕೆ 288: ಈ ಲೆಕ್ಕದಲ್ಲಿ ಒಂದು ನಿಮಿಷವೂ ಹೆಚ್ಚುವರಿಯಾಗಿ ಉಳಿದಿಲ್ಲ ಎಂಬುದನ್ನು ಗಮನಿಸಿ.

ಹೊಸಬರಿಗೆ ನಾನು ಹೇಳುವುದು ಇಷ್ಟು. ಒಂದು ಸ್ಥಾನದ ತರಬೇತಿ ಹಿಡಿಯಿರಿ, ಹುಡುಗರು ಇಬ್ಬರೇ ಇರಲಿ. ಒಬ್ಬನನ್ನು ಅಭ್ಯಾಸ ಪಂದ್ಯದಲ್ಲಿ ಪೂರ್ತಿ ಆಡಿಸಿ, ಇನ್ನೊಬ್ಬನನ್ನು ವಾರದ ಸುಲಭದ ಲೀಗ್ ಪಂದ್ಯದಲ್ಲಿ ಆಡಿಸಿ. ಕಷ್ಟದ ಲೀಗ್ ಪಂದ್ಯಕ್ಕೆ ನಿಮ್ಮ ಅತ್ಯುತ್ತಮ ಐವರು ಹಾಗೇ ಉಳಿಯುತ್ತಾರೆ. ಯಾರಿಗಾದರೂ ಫೌಲ್ ಅಥವಾ ಗಾಯದಿಂದ ನಿಮಿಷ ತಪ್ಪಿದರೆ ಸರಿದೂಗಿಸಿಕೊಳ್ಳಲು ಒಂದು ಪಂದ್ಯ ಕೈಯಲ್ಲಿರುತ್ತದೆ. ಮೂರನೆಯವನನ್ನು ತರುವ ಆಸೆ ಬಂದರೆ, ಮುಂದಿನ ಮೂರು ನಾಲ್ಕು ವಾರದ ಲೀಗ್ ಎದುರಾಳಿಗಳ ಪಟ್ಟಿ ತೆರೆದು ನೋಡಿ, ಆಮೇಲೆ ನಿರ್ಧರಿಸಿ.

ಲೀಗ್‌ನಲ್ಲಿ ಮೇಲೇರುವ ಆತುರವಿಲ್ಲದೆ, ಒಂದೆರಡು ಸೀಸನ್ ಮಧ್ಯದಲ್ಲಿ ಉಳಿದರೂ ಪರವಾಗಿಲ್ಲ ಎನ್ನುವವರಿಗೆ ಎರಡು ಸ್ಥಾನದ ತರಬೇತಿ ನಿಜಕ್ಕೂ ಚೆನ್ನ. ಅಂಥವರು ಅದನ್ನು ಅರೆಮನಸ್ಸಿನಿಂದ ಮಾಡಬಾರದು. ಎರಡು ಸ್ಥಾನದ ತರಬೇತಿ ಆರಿಸಿ ಮೂವರು ಹುಡುಗರನ್ನಷ್ಟೇ ಇಟ್ಟುಕೊಂಡರೆ ವೇಗವೂ ಇಲ್ಲ, ಸಂಖ್ಯೆಯೂ ಇಲ್ಲ.

ನಿಮಿಷ ಕಾಪಾಡಿಕೊಳ್ಳಲು ಒಂದು ಉಪಾಯ ಎಲ್ಲರೂ ಬಳಸುವಂಥದ್ದು: ಲೈನ್‌ಅಪ್ ಹಾಕುವಾಗ ಆ ಸ್ಥಾನಕ್ಕೆ ಸ್ಟಾರ್ಟರ್, ಬ್ಯಾಕಪ್, ರಿಸರ್ವ್ ಮೂರರಲ್ಲೂ ಅದೇ ಹುಡುಗನ ಹೆಸರು ಹಾಕಿ, ಕೋಚ್ ನಿಮ್ಮ ಪಟ್ಟಿಯನ್ನೇ ಕಟ್ಟುನಿಟ್ಟಾಗಿ ಪಾಲಿಸುವಂತೆ ಆಯ್ಕೆ ಮಾಡಿ. ಸ್ಟ್ಯಾಮಿನಾ ಕಡಿಮೆಯಿರುವ ಹುಡುಗ ನಾಲ್ಕನೇ ಕ್ವಾರ್ಟರ್‌ಗೆ ಏದುಸಿರು ಬಿಡುತ್ತಾನೆ, ಅದು ನಿಜ. ಆದರೂ 48 ನಿಮಿಷ ಮುಗಿಸುತ್ತಾನೆ. ಅದೇ ಹುಡುಗನನ್ನು ವಾರದಲ್ಲಿ ಇನ್ನೊಂದು ಪಂದ್ಯಕ್ಕೂ ಪೂರ್ತಿ ಎಳೆದು ತರಬೇಡಿ. ವಾರದ ಒಟ್ಟು ನಿಮಿಷ ಐವತ್ತರಿಂದ ಎಪ್ಪತ್ತರ ನಡುವೆ ಇದ್ದರೆ ಗೇಮ್ ಶೇಪ್ (ಆಟಗಾರನ ಸದ್ಯದ ದೇಹಸ್ಥಿತಿ) ಚೆನ್ನಾಗಿರುತ್ತದೆ, ತೊಂಬತ್ತು ದಾಟಿದರೆ ಕುಸಿಯುತ್ತದೆ.

ಎತ್ತರದ ಹುಡುಗನಿಗೆ ಮೊದಲು ಏನು ಕಲಿಸಬೇಕು

ಇಡೀ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

7 ಅಡಿ ಎತ್ತರದ 18 ವರ್ಷದ ಹುಡುಗ ನಿಮ್ಮ ಕೈಗೆ ಬಂದಿದ್ದಾನೆ ಎಂದುಕೊಳ್ಳಿ. ಎತ್ತರದವರಿಗೆ ಒಳಗಿನ ಕೌಶಲ್ಯಗಳು, ಅಂದರೆ ಇನ್‌ಸೈಡ್ ಶಾಟ್, ಇನ್‌ಸೈಡ್ ಡಿಫೆನ್ಸ್, ರೀಬೌಂಡಿಂಗ್ (ಬುಟ್ಟಿಗೆ ಬೀಳದ ಚೆಂಡನ್ನು ಹಿಡಿಯುವುದು), ಶಾಟ್ ಬ್ಲಾಕಿಂಗ್ ಬೇಗ ಬರುತ್ತವೆ. ಹೊರಗಿನ ಕೌಶಲ್ಯಗಳು, ಅಂದರೆ ಪಾಸಿಂಗ್, ಹ್ಯಾಂಡ್ಲಿಂಗ್ (ಚೆಂಡಿನ ಹಿಡಿತ), ಡ್ರೈವಿಂಗ್ (ಚೆಂಡಿನೊಂದಿಗೆ ಬುಟ್ಟಿಯತ್ತ ನುಗ್ಗುವುದು), ಔಟ್‌ಸೈಡ್ ಡಿಫೆನ್ಸ್ ನಿಧಾನ. ಕುಳ್ಳ ಗಾರ್ಡ್‌ಗೆ ಇದರ ಉಲ್ಟಾ. ಎಲ್ಲರಿಗೂ ಸಮಾನವಾದದ್ದು ವಯಸ್ಸು: 18ರಲ್ಲಿ ವೇಗ ಅತಿ ಹೆಚ್ಚು, ಪ್ರತಿ ವರ್ಷ ಇಳಿಯುತ್ತಾ ಹೋಗುತ್ತದೆ.

ಎರಡು ದಾರಿಗಳಿವೆ. ಮೊದಲನೆಯದು ನೇರ ದಾರಿ. ಅವನನ್ನು ಸೆಂಟರ್ ಸ್ಥಾನದಲ್ಲಿ ನಿಲ್ಲಿಸಿ ಮೊದಲ ದಿನದಿಂದ ಇನ್‌ಸೈಡ್ ಡಿಫೆನ್ಸ್, ಇನ್‌ಸೈಡ್ ಶಾಟ್ ಕೊಡುತ್ತಾ ಹೋಗುವುದು. ಒಂದು ಸೀಸನ್ ಎಂದರೆ 14 ವಾರ. ಅಷ್ಟರಲ್ಲೇ ಅವನು ಕೆಳಗಿನ ಲೀಗ್‌ಗಳಲ್ಲಿ ಉಪಯೋಗಕ್ಕೆ ಬರುವ ಸೆಂಟರ್ ಆಗುವ ದಾರಿಯಲ್ಲಿರುತ್ತಾನೆ. ಪಂದ್ಯ ಸೋಲುವ ಭಯವೂ ಕಡಿಮೆ, ಏಕೆಂದರೆ ತನ್ನ ಜಾಗದಲ್ಲೇ ಆಡುತ್ತಿದ್ದಾನೆ.

ಎರಡನೆಯದು ಸುತ್ತು ದಾರಿ. ಮೊದಲ ಒಂದೆರಡು ಸೀಸನ್ ಅವನಿಗೆ ಹೊರಗಿನ ಕೌಶಲ್ಯಗಳನ್ನೇ ಕಲಿಸುವುದು. ಇದಕ್ಕೆ ಕೊಡಬೇಕಾದ ಬೆಲೆ ಕಣ್ಣಿಗೆ ಕಾಣುತ್ತದೆ. ಪಾಸಿಂಗ್ ಕಲಿಯಬೇಕಾದರೆ 7 ಅಡಿಯ ಹುಡುಗ ಪಾಯಿಂಟ್ ಗಾರ್ಡ್ ಆಗಿ ಆಡಬೇಕು. ಚೆಂಡು ಕಳೆದುಕೊಳ್ಳುತ್ತಾನೆ, ಎದುರಾಳಿ ಗಾರ್ಡ್ ಅವನನ್ನು ದಾಟಿ ಹೋಗುತ್ತಾನೆ, ಪಂದ್ಯ ಕೈತಪ್ಪುತ್ತದೆ. ವಾರಕ್ಕೊಂದು ಅಭ್ಯಾಸ ಪಂದ್ಯ ಇದ್ದರೆ ಅಲ್ಲಿ ಮಾಡಬಹುದು, ಲೀಗ್ ಪಂದ್ಯದಲ್ಲಿ ಮಾಡಲು ಗಟ್ಟಿ ಮನಸ್ಸು ಬೇಕು.

ಆದರೂ ದೀರ್ಘಕಾಲ ಆಟಗಾರನನ್ನು ಇಟ್ಟುಕೊಳ್ಳುವವರಿಗೆ ನಾನು ಸುತ್ತು ದಾರಿಯನ್ನೇ ಸೂಚಿಸುತ್ತೇನೆ. ಕಾರಣ ಮೂರು, ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ.

ನಿಧಾನವಾಗಿ ಬರುವ ಕೌಶಲ್ಯವನ್ನು ಹುಡುಗ ವೇಗವಾಗಿ ಕಲಿಯುವ ವಯಸ್ಸಿನಲ್ಲಿ ಕಲಿಸುವುದೇ ಸರಿ. 7 ಅಡಿಯವನಿಗೆ 24ನೇ ವಯಸ್ಸಿನಲ್ಲಿ ಇನ್‌ಸೈಡ್ ಡಿಫೆನ್ಸ್ ಕಲಿಸಿದರೂ ಬರುತ್ತದೆ. ಆ ವಯಸ್ಸಿನಲ್ಲಿ ಪಾಸಿಂಗ್ ಕಲಿಸಹೊರಟರೆ ವಾರಗಟ್ಟಲೆ ಒಂದು ಮೆಟ್ಟಿಲೂ ಏರುವುದಿಲ್ಲ.

ಎರಡನೆಯದು, ಕೌಶಲ್ಯಗಳು ಒಂದನ್ನೊಂದು ಎಳೆಯುತ್ತವೆ. ಒಂದು ಕೌಶಲ್ಯ ತನ್ನ ಬಳಗದ ಉಳಿದವುಗಳಿಗಿಂತ ತುಂಬ ಮುಂದೆ ಓಡಿದರೆ ಅದರ ವೇಗ ತಾನಾಗಿ ತಗ್ಗುತ್ತದೆ, ಹಿಂದೆ ಉಳಿದಿದ್ದರೆ ಬಳಗ ಅದನ್ನು ಮೇಲಕ್ಕೆ ಎಳೆಯುತ್ತದೆ. ಹ್ಯಾಂಡ್ಲಿಂಗ್ ಇರುವವನು ಡ್ರೈವಿಂಗ್ ಬೇಗ ಕಲಿಯುತ್ತಾನೆ. ಒಂದೇ ಕೌಶಲ್ಯವನ್ನು ಆಕಾಶಕ್ಕೆ ಏರಿಸುವುದಕ್ಕಿಂತ ಗುಂಪಾಗಿ ಏರಿಸುವುದು ಒಟ್ಟಿನಲ್ಲಿ ಅಗ್ಗ.

ಮೂರನೆಯದೇ ಮುಖ್ಯ: ಸಂಬಳ. ಒಳಗಿನ ಕೌಶಲ್ಯಗಳನ್ನಷ್ಟೇ ತುಂಬಿಸಿಕೊಂಡ ಸೆಂಟರ್‌ನ ವಾರದ ಸಂಬಳ ಬೇಸಿಗೆಯ ತೆಂಗಿನಕಾಯಿ ಬೆಲೆಯ ಹಾಗೆ ಏರುತ್ತದೆ. ಪ್ರತಿ ಸೀಸನ್ ಆರಂಭದಲ್ಲಿ ಹೊಸ ಸಂಬಳ ನಿಗದಿಯಾಗುತ್ತದೆ, ಆಗ ಅನೇಕರಿಗೆ ಎದೆ ಧಸಕ್ಕೆನ್ನುತ್ತದೆ. ಒಳಗೂ ಹೊರಗೂ ಹಂಚಿಕೊಂಡ ಕೌಶಲ್ಯವಿರುವ ಆಟಗಾರನಿಗೆ, ಅಷ್ಟೇ ಒಟ್ಟು ಸಾಮರ್ಥ್ಯಕ್ಕೆ, ಸಂಬಳ ಕಡಿಮೆ. ಆಟಗಾರನ ಪೊಟೆನ್ಶಿಯಲ್, ಅಂದರೆ ಅವನು ಎಲ್ಲಿಯವರೆಗೆ ಬೆಳೆಯಬಲ್ಲ ಎಂಬ ಮಿತಿ, ಮುಟ್ಟುವ ಲೆಕ್ಕವೂ ಇದೇ ಜಾಡಿನಲ್ಲಿ ನಡೆಯುವುದರಿಂದ ಸಮತೋಲನದ ಆಟಗಾರ ಆ ಮಿತಿಯ ಕೆಳಗೆ ಹೆಚ್ಚು ಕಲಿಯಬಲ್ಲ.

ನಿಜವಾದ ಬಾಸ್ಕೆಟ್‌ಬಾಲ್‌ನಲ್ಲೂ ಈ ಬಗೆಯ ಆಟಗಾರನ ಬೆಲೆ ಏನೆಂದು ತೋರಿಸಿದವನು ನಿಕೋಲಾ ಯೋಕಿಚ್. ಸೆಂಟರ್ ಆಗಿದ್ದುಕೊಂಡು ಪಾಯಿಂಟ್ ಗಾರ್ಡ್‌ನಂತೆ ಪಾಸ್ ಕೊಡುವ ಈ ಸರ್ಬಿಯಾದವನನ್ನು ಅಮೆರಿಕದ ಎನ್‌ಬಿಎ ಲೀಗ್‌ನ 2014ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಡೆನ್ವರ್ ತಂಡ ಎರಡನೇ ಸುತ್ತಿನಲ್ಲಿ, 41ನೆಯವನಾಗಿ ಆರಿಸಿತು. 2021ರಲ್ಲಿ ಅವನು ಎಂವಿಪಿ, ಅಂದರೆ ಆ ಸೀಸನ್‌ನ ಅತ್ಯುತ್ತಮ ಆಟಗಾರ. ಬಝರ್‌ಬೀಟರ್‌ನಲ್ಲಿ ಅಂಥ ಸೆಂಟರ್ ಸಂತೆಯಲ್ಲಿ ಸಿಗುವುದು ಅಪರೂಪ, ಯಾಕೆಂದರೆ ಅವನನ್ನು ಬೆಳೆಸುವ ಎರಡು ಸೀಸನ್ ಸೋಲನ್ನು ಹೊರಲು ಬಹಳ ಜನ ತಯಾರಿಲ್ಲ.

ಪೂರ್ತಿ ಸುತ್ತು ದಾರಿ ಹಿಡಿಯಲಾಗದವರಿಗೆ ನಡುವೆ ಒಂದು ಕಾಲುದಾರಿ ಇದೆ. ಒನ್-ಆನ್-ಒನ್ (ಒಬ್ಬನಿಗೆ ಒಬ್ಬ) ತರಬೇತಿಯನ್ನು ಫಾರ್ವರ್ಡ್‌ಗಳಿಗೆ, ಅಂದರೆ ಗಾರ್ಡ್ ಮತ್ತು ಸೆಂಟರ್ ನಡುವಿನ ಸ್ಥಾನದವರಿಗೆ, ಕೊಟ್ಟರೆ ಸ್ಮಾಲ್ ಫಾರ್ವರ್ಡ್, ಪವರ್ ಫಾರ್ವರ್ಡ್ ಸ್ಥಾನಗಳಲ್ಲಿ ಆಡುವವರಿಗೆ ಡ್ರೈವಿಂಗ್, ಹ್ಯಾಂಡ್ಲಿಂಗ್ ಬರುತ್ತದೆ, ಜೊತೆಗೆ ಶಾಟ್‌ಗಳಿಗೂ ಸ್ವಲ್ಪ ಸಹಾಯ. ಎತ್ತರದ ಹುಡುಗನನ್ನು ಪವರ್ ಫಾರ್ವರ್ಡ್ ಆಗಿ ನಿಲ್ಲಿಸಿದರೆ ತಂಡಕ್ಕೆ ಅಷ್ಟೇನೂ ಪೆಟ್ಟಿಲ್ಲ. ಎರಡು ಸ್ಥಾನದ ತರಬೇತಿಯಾದ್ದರಿಂದ ಹುಡುಗರ ಸಂಖ್ಯೆಯನ್ನೂ ಹೆಚ್ಚಿಸಿಕೊಳ್ಳಬಹುದು. 18ರಲ್ಲಿ ಒಂದು ಸೀಸನ್ ಪೂರ್ತಿ ಇದನ್ನೇ ಮಾಡಿ, 19ರ ಹೊತ್ತಿಗೆ ಒಳಗಿನ ಕೌಶಲ್ಯಗಳಿಗೆ ತಿರುಗುವುದು ಮಧ್ಯಮ ಲೀಗ್‌ನ ತಂಡಕ್ಕೆ ತುಂಬ ಹೊಂದುವ ಯೋಜನೆ.

ಗಾರ್ಡ್‌ಗಳ ವಿಷಯ ಇಷ್ಟು ಜಟಿಲವಲ್ಲ. 6 ಅಡಿ ಆಸುಪಾಸಿನ ಹುಡುಗನಿಗೆ ಔಟ್‌ಸೈಡ್ ಡಿಫೆನ್ಸ್, ಹ್ಯಾಂಡ್ಲಿಂಗ್, ಪಾಸಿಂಗ್ ಸಲೀಸಾಗಿ ಬರುತ್ತವೆ, ಅವನು ತನ್ನ ಜಾಗದಲ್ಲೇ ಆಡುತ್ತಾನೆ. ಅದಕ್ಕೇ ಮೊಟ್ಟಮೊದಲ ಬಾರಿಗೆ ತರಬೇತಿಗೆ ಇಳಿಯುವವರು ಗಾರ್ಡ್‌ಗಳಿಂದ ಶುರುಮಾಡಲಿ ಎನ್ನುತ್ತೇನೆ. ಒಂದು ಎಚ್ಚರಿಕೆ: ಜಂಪ್ ಶಾಟ್ ಒಂದನ್ನೇ ಏರಿಸುತ್ತಾ ಕೂರಬೇಡಿ. ಅಂಕಗಳ ಪಟ್ಟಿಯಲ್ಲಿ ಅವನ ಹೆಸರು ಮೇಲೆ ಕಾಣುತ್ತದೆ, ಸಂತೋಷವಾಗುತ್ತದೆ, ಆದರೆ ಔಟ್‌ಸೈಡ್ ಡಿಫೆನ್ಸ್ ಇಲ್ಲದ ಗಾರ್ಡ್ ಕೊಡುವ ಅಂಕಕ್ಕಿಂತ ಬಿಡುವ ಅಂಕ ಹೆಚ್ಚು.

ಪೊಟೆನ್ಶಿಯಲ್: ಎಷ್ಟಿದ್ದರೆ ಸಾಕು

ಪೊಟೆನ್ಶಿಯಲ್‌ಗೆ 12 ಹಂತಗಳಿವೆ. ತಳದಲ್ಲಿ ಅನೌನ್ಸರ್, ತುದಿಯಲ್ಲಿ ಆಲ್‌ಟೈಮ್ ಗ್ರೇಟ್. ಹೊಸಬರು ಎಂವಿಪಿ, ಹಾಲ್ ಆಫ್ ಫೇಮರ್ ಎಂಬ ಹೆಸರು ಕಂಡರೆ ಕೈಯಲ್ಲಿರುವ ಹಣವನ್ನೆಲ್ಲ ಸುರಿದುಬಿಡುತ್ತಾರೆ. ತಿಳಿದಿರಬೇಕಾದ ಸಂಗತಿ ಒಂದೇ: ಪೊಟೆನ್ಶಿಯಲ್ ಇರುವುದು ಎಲ್ಲಿ ನಿಲ್ಲುತ್ತಾನೆ ಎಂಬುದಕ್ಕೆ, ಎಷ್ಟು ವೇಗವಾಗಿ ಹೋಗುತ್ತಾನೆ ಎಂಬುದಕ್ಕಲ್ಲ. ಮಿತಿ ಹತ್ತಿರವಾಗುವವರೆಗೆ ಆಲ್‌ಸ್ಟಾರ್ ಹುಡುಗನೂ ಎಂವಿಪಿ ಹುಡುಗನೂ ಒಂದೇ ವೇಗದಲ್ಲಿ ಕಲಿಯುತ್ತಾರೆ. ಮಿತಿ ತಲುಪಿದ ಮೇಲೆ ತರಬೇತಿ ಪೂರಾ ನಿಲ್ಲುವುದಿಲ್ಲ, ಆಮೆಗತಿಗೆ ಇಳಿಯುತ್ತದೆ.

ಕೆಳ ಮತ್ತು ಮಧ್ಯಮ ಲೀಗ್‌ನವರಿಗೆ ಸ್ಟಾರ್, ಆಲ್‌ಸ್ಟಾರ್, ಹೆಚ್ಚೆಂದರೆ ಪೆರೆನಿಯಲ್ ಆಲ್‌ಸ್ಟಾರ್ ಸಾಕು. ಎಂವಿಪಿ ಮಟ್ಟದ ಹುಡುಗನನ್ನು ಅವನ ತುದಿವರೆಗೆ ಬೆಳೆಸಿದಿರಿ ಎಂದೇ ಇಟ್ಟುಕೊಳ್ಳೋಣ, ಆ ಸಂಬಳ ಕೊಡುವ ಶಕ್ತಿ ನಿಮ್ಮ ಅರೇನಾದ ಟಿಕೆಟ್ ಹಣಕ್ಕೆ ಇರುವುದಿಲ್ಲ. ದೊಡ್ಡ ಪೊಟೆನ್ಶಿಯಲ್‌ಗೆ ಕೊಡುವ ಹೆಚ್ಚುವರಿ ಹಣದಲ್ಲಿ ಅರ್ಧ ಉಳಿಸಿಕೊಂಡು, ಆಲ್‌ಸ್ಟಾರ್ ಮಟ್ಟದ ಆದರೆ ಆರಂಭದ ಕೌಶಲ್ಯಗಳು ಚೆನ್ನಾಗಿರುವ ಹುಡುಗನನ್ನು ತನ್ನಿ. ಅವನ ಆರಂಭದ ಕೌಶಲ್ಯಗಳು ನಿಮಗೆ ವಾರಗಟ್ಟಲೆ ತರಬೇತಿ ಉಳಿಸಿಕೊಡುತ್ತವೆ.

ಇದಕ್ಕೆ ಒಂದೇ ಅಪವಾದ ರಾಷ್ಟ್ರೀಯ ತಂಡ. ನೀವು ಬೆಳೆಸಿದ ಹುಡುಗ ಅವನ ದೇಶದ ಜೆರ್ಸಿ ತೊಡಬೇಕು ಎಂಬ ಆಸೆಯಿದ್ದರೆ ದೊಡ್ಡ ಪೊಟೆನ್ಶಿಯಲ್ ಬೇಕೇ ಬೇಕು. ಅದರಲ್ಲೂ 21 ವರ್ಷದೊಳಗಿನವರ ತಂಡ ಮತ್ತು ಹಿರಿಯರ ತಂಡ ಎರಡೂ ಬೇರೆ ಬೇರೆ ಗುರಿಗಳು. 18ರಿಂದ 21ರವರೆಗೆ ನಾಲ್ಕು ಸೀಸನ್, ಒಟ್ಟು 56 ವಾರ. ಕಿರಿಯರ ತಂಡ ಸೇರಬೇಕಾದರೆ ಆ 56 ವಾರದಲ್ಲಿ ಒಂದನ್ನೂ ಕಳೆದುಕೊಳ್ಳುವಂತಿಲ್ಲ, ನೇರ ದಾರಿಯೇ ಹಿಡಿಯಬೇಕು. ಹಿರಿಯರ ತಂಡಕ್ಕಾದರೆ ಸುತ್ತು ದಾರಿಗೆ ಸಮಯವಿದೆ. ಎರಡನ್ನೂ ಒಬ್ಬನೇ ಹುಡುಗನಿಂದ ಬಯಸಿದಾಗ ಸಾಮಾನ್ಯವಾಗಿ ಎರಡೂ ಸಿಗುವುದಿಲ್ಲ.

ಡ್ರಾಫ್ಟ್‌ನ ಹುಡುಗನೋ, ಹರಾಜಿನ ಹುಡುಗನೋ

ಪ್ರತಿ ಸೀಸನ್ ಕೊನೆಗೆ ನಿಮ್ಮ ಲೀಗ್‌ನ 16 ತಂಡಗಳಿಗೆ ಮೂರು ಸುತ್ತಿನ ಡ್ರಾಫ್ಟ್, 48 ಹುಡುಗರು, ಎಲ್ಲ 18 ಅಥವಾ 19 ವರ್ಷದವರು. ಒಳ್ಳೆಯ ಹುಡುಗ ಸಿಗಬೇಕಾದರೆ ವಾರ ವಾರ ಸ್ಕೌಟಿಂಗ್‌ಗೆ (ಡ್ರಾಫ್ಟ್ ಹುಡುಗರ ಬಗ್ಗೆ ಮಾಹಿತಿ ಕಲೆಹಾಕಲು) ಹಣ ಕಟ್ಟಿರಬೇಕು, ಆದರೂ ನಿಮ್ಮ ಸರದಿ ಬರುವಷ್ಟರಲ್ಲಿ ಅವನನ್ನು ಬೇರೆಯವರು ಎತ್ತಿಕೊಂಡಿರಬಹುದು. ಹರಾಜಿನಲ್ಲಿ ಹಾಗಲ್ಲ. ಮಾರಾಟಕ್ಕಿಟ್ಟ ಆಟಗಾರನ ಎಲ್ಲ ಕೌಶಲ್ಯಗಳು, ಎತ್ತರ, ಪೊಟೆನ್ಶಿಯಲ್ ಕಣ್ಣ ಮುಂದಿರುತ್ತವೆ. ನಿಮ್ಮ ನಿಮಿಷಗಳಿಗೆ, ನಿಮ್ಮ ಯೋಜನೆಗೆ ಹೊಂದುವವನನ್ನೇ ಆರಿಸಬಹುದು.

ತರಬೇತಿಯೇ ನಿಮ್ಮ ಗುರಿಯಾಗಿದ್ದರೆ ಸ್ಕೌಟಿಂಗ್ ಹಣವನ್ನು ಕಡಿಮೆ ಮಾಡಿ ಹರಾಜಿಗೆ ಹೋಗಿ ಎಂಬುದು ನನ್ನ ಸಲಹೆ. ಡ್ರಾಫ್ಟ್‌ನಲ್ಲಿ ಸಿಕ್ಕವನು ಸೆಂಟರ್ ಎಂಬ ಒಂದೇ ಕಾರಣಕ್ಕೆ, ಗಾರ್ಡ್ ತರಬೇತಿ ನಡೆಸುತ್ತಿರುವವರು ಅರ್ಧದಲ್ಲಿ ಹಾದಿ ಬದಲಿಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಅವನನ್ನು ಮಾರಿ, ಆ ಹಣಕ್ಕೆ ಒಬ್ಬ ಗಾರ್ಡ್ ಹುಡುಗನನ್ನು ತರಬಹುದಿತ್ತು.

ಹರಾಜಿಗೆ ಹೋಗುವಾಗ ಕ್ಯಾಲೆಂಡರ್ ನೋಡಿಕೊಳ್ಳಿ. ಸೀಸನ್ ಬದಲಾದಾಗ ಎಲ್ಲ ಆಟಗಾರರಿಗೂ ಒಟ್ಟಿಗೇ ಒಂದು ವರ್ಷ ಹೆಚ್ಚುತ್ತದೆ. 12ನೇ ವಾರದಲ್ಲಿ ಕಾಣುವ 18ರ ಹುಡುಗ ಲೆಕ್ಕಕ್ಕೆ 19ರವನೇ, ಅವನ ಮೊದಲ ವರ್ಷದ ವೇಗವನ್ನು ಯಾರೋ ಬಳಸಿದ್ದಾರೆ ಅಥವಾ ವ್ಯರ್ಥಮಾಡಿದ್ದಾರೆ. ಆ ಹೊತ್ತಿನಲ್ಲಿ ಅವನಿಗೆ 18ರ ಬೆಲೆ ಕೊಡಬೇಡಿ. ಇನ್ನೊಂದು ಕಡೆ, 19 ಮುಗಿಸಿದ, ಹಿಂದಿನ ಮಾಲೀಕ ಶ್ರದ್ಧೆಯಿಂದ ಹೊರಗಿನ ಕೌಶಲ್ಯ ಕಲಿಸಿಟ್ಟ ಎತ್ತರದ ಹುಡುಗ ಕಂಡರೆ ಬಿಡಬೇಡಿ. ಸುತ್ತು ದಾರಿಯ ಸೋಲುಗಳನ್ನು ಬೇರೆಯವರು ಹೊತ್ತಿದ್ದಾರೆ, ನೀವು ನೇರ ದಾರಿಯಿಂದ ಮುಂದುವರಿಸಿದರೆ ಸಾಕು. ಎಲ್ಲ ಲೆಕ್ಕ ಹಾಕಿದರೆ ಮಧ್ಯಮ ತಂಡಕ್ಕೆ ಇದಕ್ಕಿಂತ ಒಳ್ಳೆಯ ಕೊಳ್ಳುವಿಕೆ ನನಗೆ ಕಾಣುವುದಿಲ್ಲ.

ಟ್ರೈನರ್

ಟ್ರೈನರ್ ಹಂತ ಏರಿದಂತೆ ತರಬೇತಿ ವೇಗವೂ ಏರುತ್ತದೆ, ವಾರದ ಸಂಬಳವೂ ಏರುತ್ತದೆ. ಟ್ರೈನರ್‌ನ ಲಾಭ ತರಬೇತಿ ಪಡೆಯುವ ಪ್ರತಿಯೊಬ್ಬನಿಗೂ ಹಂಚಿಹೋಗುತ್ತದೆ, ಸಂಬಳ ಮಾತ್ರ ಒಂದೇ. ಆದ್ದರಿಂದ ಇಬ್ಬರು ಹುಡುಗರಿರುವ ತಂಡಕ್ಕೆ ಮಧ್ಯಮ ಹಂತದವನು ಸಾಕು, ಆರು ಜನರನ್ನು ನಿಜವಾಗಿಯೂ ಆಡಿಸುವ ತಂಡಕ್ಕೆ ದುಬಾರಿ ಟ್ರೈನರ್ ಕೂಡ ಗಿಟ್ಟುತ್ತಾನೆ.

ಬೆಳೆಸಿ ಮಾರುವುದೋ, ಇಟ್ಟುಕೊಳ್ಳುವುದೋ

ಮಾರುವ ಉದ್ದೇಶವಿದ್ದರೆ ಕೊಳ್ಳುವವರು ಏನು ಹುಡುಕುತ್ತಾರೆ ಎಂದು ಯೋಚಿಸಿ: ಮುಖ್ಯ ಕೌಶಲ್ಯಗಳು ಎದ್ದು ಕಾಣುವ, ಇನ್ನೂ ಮಿತಿ ತಲುಪದ, 20-21 ವರ್ಷದವನು. ಅವನಿಗೆ ನೇರ ದಾರಿಯೇ ಸರಿ. ಆಟಗಾರ ನಿಮ್ಮ ತಂಡದಲ್ಲಿ ಹೆಚ್ಚು ಕಾಲ ಇದ್ದಷ್ಟೂ ಮಾರಾಟದ ಹಣದಲ್ಲಿ ನಿಮ್ಮ ಪಾಲು ಹೆಚ್ಚು, ಕೊಂಡ ಕೂಡಲೇ ಮಾರಿದರೆ ಏಜೆಂಟ್‌ನ ಕಡಿತ ದೊಡ್ಡದು. ಹಾಗಾಗಿ ನಾಲ್ಕು ವಾರ ತರಬೇತಿ ಕೊಟ್ಟು ಮಾರುವ ವ್ಯಾಪಾರದಲ್ಲಿ ಹುರುಳಿಲ್ಲ, ಕನಿಷ್ಠ ಒಂದು ಸೀಸನ್ ಇಟ್ಟುಕೊಳ್ಳಿ.

ಮಾರುವ ಗಳಿಗೆಯೂ ಮುಖ್ಯ. ಸೀಸನ್ ನಡುವೆ ಎಷ್ಟೇ ಕೌಶಲ್ಯ ಏರಿದರೂ ಸಂಬಳ ಹಳೆಯದೇ ಇರುತ್ತದೆ. ಒಳ್ಳೆಯ ಆಟಗಾರ, ಚಿಕ್ಕ ಸಂಬಳ: ಪ್ಲೇಆಫ್‌ಗೆ ಸಜ್ಜಾಗುತ್ತಿರುವ ತಂಡಗಳು ಅಂಥವನಿಗೆ ಕಾದಿರುತ್ತವೆ. ಹೊಸ ಸೀಸನ್‌ನ ಸಂಬಳ ಬಿದ್ದ ಮರುದಿನ ಅದೇ ಹುಡುಗನಿಗೆ ಬಿಡ್ ಹಾಕುವವರು ಕಡಿಮೆಯಾಗಿರುತ್ತಾರೆ.

ಇಟ್ಟುಕೊಳ್ಳುವವರು ಈ ಯಾವ ಆತುರಕ್ಕೂ ಬೀಳಬೇಕಿಲ್ಲ. ಹುಡುಗ 22-23ಕ್ಕೆ ಬಂದಾಗ ಅವನನ್ನು ತರಬೇತಿ ಪಟ್ಟಿಯಿಂದ ಇಳಿಸಿ, ಅವನ ನಿಮಿಷಗಳನ್ನು ಹೊಸ 18ರ ಹುಡುಗನಿಗೆ ಕೊಡುವುದು ನನಗೆ ಸರಿ ಎನಿಸುವ ಕ್ರಮ. ಆಗ ದೊಡ್ಡವನು ಅದೇ ಸ್ಥಾನದ ಪಕ್ಕದಲ್ಲಿ, ಅಂದರೆ ಪಾಯಿಂಟ್ ಗಾರ್ಡ್ ತರಬೇತಿ ನಡೆಯುತ್ತಿದ್ದರೆ ಶೂಟಿಂಗ್ ಗಾರ್ಡ್ ಆಗಿ ಆಡುತ್ತಾನೆ, ಚಿಕ್ಕವನ ತಪ್ಪುಗಳನ್ನು ಮುಚ್ಚುತ್ತಾನೆ. ಹೀಗೆ ಬೆಳೆಸಿದ ಗಾರ್ಡ್ ಒಬ್ಬ ತಂಡದಲ್ಲಿದ್ದರೆ ಎರಡನೇ ಹುಡುಗನ ತರಬೇತಿಗೆ ಕಳೆದುಕೊಳ್ಳುವ ಪಂದ್ಯಗಳು ಮೊದಲನೆಯವನ ಕಾಲಕ್ಕಿಂತ ಕಡಿಮೆ. ಮೂರನೆಯವನನ್ನು ಸೇರಿಸಿಕೊಳ್ಳಲು ಧೈರ್ಯ ಮಾಡಬಹುದಾದ ಸೀಸನ್ ಅದು.